ಮಗ ಚೆಲ್ಲಿದ ನೀರು ಒರೆಸೋದು ಯಾರು?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕೊಡಗಿಗೆ ಬರುವ ಪ್ರವಾಸಿಗರ ಮಕ್ಕಳ ಹಾವಳಿ ಬಗ್ಗೆ ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಬಂದ ಪತ್ರ ಓದಿದೆ. ರಾಜಾಸೀಟಿನ ಹೂವಿನ ಪಾತಿಯೊಳಗೆ ಮಗುವನ್ನು ನಿಲ್ಲಿಸಿ ಫೋಟೊ ತೆಗೆಯುವುದು, ಅಬ್ಬಿ ಜಲಪಾತದ ಮೆಟ್ಟಿಲ ಮೇಲೆ ಚಿಪ್ಸ್ ಪ್ಯಾಕೆಟ್ ಬಿಸಾಕುವುದು, ದುಬಾರೆಯಲ್ಲಿ ಆನೆಯ ಬಾಲ ಎಳೆಯಲು ಹೋದ ಮಗನನ್ನು ತಡೆಯುವ ಬದಲು ಅಪ್ಪನೇ ನಿಂತು ವಿಡಿಯೊ ಮಾಡುವುದು. ಎಲ್ಲಾ ನಿಜ. ಒಂದಕ್ಕೂ ನನ್ನ ತಕರಾರಿಲ್ಲ. ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್ಲಿನಲ್ಲಿ ಭಿಕ್ಷುಗಳು ಪ್ರಾರ್ಥನೆಗೆ ಕೂತಿರುವಾಗ ಮಕ್ಕಳು ಕಂಬ ಸುತ್ತಿ ಓಡಾಡುವುದನ್ನೂ ಆ ಪಟ್ಟಿಗೆ ಸೇರಿಸಬಹುದಿತ್ತು. ಆದರೆ ಇದೆಲ್ಲ ಬೆಂಗಳೂರಿನವರ ಮಕ್ಕಳಷ್ಟೇ ಮಾಡುವುದಾ? ಭಾನುವಾರ ಸಂಜೆ ಅವರ ಕಾರುಗಳು ಕುಶಾಲನಗರ ದಾಟಿ ಹೋದ ಮೇಲೆ ಕೊಡಗಿನಲ್ಲಿ ಉಳಿಯುವ ಮಕ್ಕಳು ನಮ್ಮವೇ ಅಲ್ವಾ? ಅವರ ಬಗ್ಗೆ ಯಾರೂ ಬರೆಯುವುದಿಲ್ಲ. ಬರೆದರೆ ನಾಳೆ ಮದುವೆ ಮನೆಯಲ್ಲಿ ಎದುರಿಗೆ ಸಿಗುತ್ತಾರಲ್ಲ!

ನಾನು ಮಡಿಕೇರಿ ತಾಲ್ಲೂಕಿನ ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಶಾಲೆಯ ಹೆಸರು ಬೇಡ. ಟೀಚರ್ ಅಲ್ಲ, ಗುಮಾಸ್ತೆ. ಫೀಸು ಕಟ್ಟಿಸಿಕೊಳ್ಳುವುದು, ಟಿ.ಸಿ. ಬರೆಯುವುದು, ಕಳೆದುಹೋದ ಟಿಫನ್ ಬಾಕ್ಸ್ ಹುಡುಕಿಕೊಡುವುದು. ಹೆಡ್‌ಮಾಸ್ಟರ್ ರೂಮಿನ ಬಾಗಿಲ ಪಕ್ಕದಲ್ಲೇ ನನ್ನ ಮೇಜು ಇತ್ತು. ಅಪ್ಪ ಅಮ್ಮಂದಿರು ಒಳಗೆ ಹೋಗುವ ಮೊದಲು ಏನು ಮಾತಾಡುತ್ತಾರೆ, ಹೊರಗೆ ಬಂದ ಮೇಲೆ ಏನು ಮಾತಾಡುತ್ತಾರೆ, ಎರಡೂ ಕಿವಿಗೆ ಬೀಳುತ್ತಿತ್ತು. ಗುಮಾಸ್ತೆಯ ಮುಂದೆ ಯಾರೂ ದನಿ ತಗ್ಗಿಸುವುದಿಲ್ಲ ನೋಡಿ.

ಅಲ್ಲಿ ಕೂತು ನಾನು ಜಾಸ್ತಿ ಕೇಳಿದ ಮಾತು ಇದು: "ಎಷ್ಟಾಯ್ತು ಹೇಳಿ, ಕೊಡ್ತೀವಿ."

ಕಿಟಕಿ ಗಾಜು ಒಡೆದರೂ ಇದೇ ಮಾತು. ಪಕ್ಕದ ಹುಡುಗಿಯ ಕನ್ನಡಕ ಮುರಿದರೂ ಇದೇ ಮಾತು. ಕೇಳಿದವರಿಗೆ ಎಂಥಾ ಜವಾಬ್ದಾರಿಯುತ ತಂದೆ ಅನ್ನಿಸಬೇಕು. ನನಗೂ ಮೊದಮೊದಲು ಹಾಗೇ ಅನ್ನಿಸುತ್ತಿತ್ತು. ಕಡೇಪಕ್ಷ ಇವರು ಜಗಳ ತೆಗೆಯುವುದಿಲ್ಲವಲ್ಲ ಅಂತ ಸಮಾಧಾನ.

ಒಂದು ಮಳೆಗಾಲದಲ್ಲಿ ಏಳನೇ ಕ್ಲಾಸಿನ ಮೂವರು ಹುಡುಗರು ಕೈ ತೊಳೆಯುವ ಜಾಗದ ನಲ್ಲಿಗೆ ಜೋತುಬಿದ್ದು ಅದನ್ನು ಕಿತ್ತೇಬಿಟ್ಟರು. ಬೇಕಂತ ಮಾಡಿದ್ದಲ್ಲ ಅಂತಲೇ ಇಟ್ಟುಕೊಳ್ಳೋಣ. ನೀರು ನುಗ್ಗಿ ವರಾಂಡವೆಲ್ಲ ಕೆಸರು. ನಮ್ಮ ಮಳೆ ಗೊತ್ತಲ್ಲ, ಮೊದಲೇ ನೂರಾರು ಮಕ್ಕಳ ಶೂ ಮಣ್ಣು, ಒಣಗದ ನೆಲ. ನಮ್ಮ ಆಯಾ ಅಕ್ಕನಿಗೆ ಮಂಡಿ ನೋವು, ಬಗ್ಗಿದರೆ ಏಳುವುದಕ್ಕೆ ಗೋಡೆ ಹಿಡಿಯಬೇಕು. ಹೆಡ್‌ಮಾಸ್ಟರು ಆ ಮೂವರನ್ನು ಕರೆದು, ಬೈಯಲಿಲ್ಲ, ಹೊಡೆಯಲಿಲ್ಲ, "ಅಕ್ಕನ ಜೊತೆ ಸೇರಿ ಒರೆಸಿ ಮುಗಿಸಿ ಕ್ಲಾಸಿಗೆ ಹೋಗಿ" ಅಂದರು. ಒರೆಸಿದರು. ನಗುತ್ತಾ, ಜಾರುತ್ತಾ, ಒಂದು ಥರ ಆಟದ ಹಾಗೇ ಒರೆಸಿದರು. ಅಲ್ಲಿಗೆ ಮುಗಿಯಬೇಕಿತ್ತು.

ಮರುದಿನ ಒಬ್ಬ ಹುಡುಗನ ತಂದೆ ಬಂದರು. ತೋಟ, ಹೋಂಸ್ಟೇ ಎರಡೂ ಇರುವವರು. ಮಗನನ್ನೂ ಕರೆದುಕೊಂಡೇ ಬಂದರು. ಜೇಬಿನಿಂದ ಫೋನ್ ತೆಗೆದು, "ನಲ್ಲಿಗೆ ಎಷ್ಟಾಯ್ತು ಹೇಳಿ, ಈಗಲೇ ಗೂಗಲ್ ಪೇ ಮಾಡ್ತೀನಿ. ಆದರೆ ನನ್ನ ಮಗನ ಕೈಲಿ ನೆಲ ಒರೆಸಿದ್ದು ಯಾಕೆ? ಆಯಾ ಯಾತಕ್ಕಿರೋದು? ಅವಳಿಗೆ ಸಂಬಳ ಕೊಡೋದಿಲ್ವಾ?" ಅಂದರು. ನಮ್ಮ ಅಕ್ಕ ಅಲ್ಲೇ ಕುಡಿಯುವ ನೀರಿನ ಡ್ರಮ್ ತುಂಬಿಸುತ್ತಿದ್ದರು. ಅವರಿಗೂ ಕೇಳಿಸಿತು, ಹುಡುಗನಿಗೂ ಕೇಳಿಸಿತು. ಹಿಂದಿನ ದಿನ ಅದೇ ಹುಡುಗ ಅವರ ಜೊತೆ ಬಕೆಟ್ ಹಿಡಿದುಕೊಂಡು ಕಿಸಿಕಿಸಿ ನಗುತ್ತಿದ್ದ. ಅವತ್ತಿನಿಂದ ಅವರು ಅವನಿಗೆ "ಆಯಾ" ಆದರು, ಅಕ್ಕ ಅನ್ನುವುದು ನಿಂತೇ ಹೋಯಿತು. ನಲ್ಲಿಯ ದುಡ್ಡು ಮಾತ್ರ ಕಟ್ಟಿದರು. ರಸೀದಿ ಬರೆದವಳು ನಾನೇ.

ನಾನು ಹೇಳಲು ಹೊರಟಿದ್ದು ಇಷ್ಟೇ. ಮಕ್ಕಳು ಒಡೆಯುತ್ತವೆ, ಚೆಲ್ಲುತ್ತವೆ, ಕೂಗುತ್ತವೆ. ಮಕ್ಕಳಲ್ವಾ. ಅದನ್ನು ಯಾರೋ ಒಬ್ಬರು ಎತ್ತಬೇಕು, ಒರೆಸಬೇಕು, ಸಹಿಸಬೇಕು. ಆ ಯಾರೋ ಒಬ್ಬರ ಮುಖ ಮಗುವಿಗೆ ಕಾಣಿಸದ ಹಾಗೆ ಅಪ್ಪ ಅಮ್ಮ ಮಧ್ಯದಲ್ಲಿ ಬಂದು ನಿಂತುಬಿಡುತ್ತಾರೆ. ಕೆಲವರು ದುಡ್ಡು ಹಿಡಿದು ನಿಲ್ಲುತ್ತಾರೆ, ಕೆಲವರು ಜಗಳಕ್ಕೆ ನಿಲ್ಲುತ್ತಾರೆ. ಮಗುವಿಗೆ ಎರಡರಲ್ಲೂ ಸಿಗುವ ಪಾಠ ಒಂದೇ.

ಮರ್ಯಾದೆ ಕಲಿಸುವುದರಲ್ಲಿ ಕೊಡಗಿನವರು ಹಿಂದೆ ಬಿದ್ದವರಲ್ಲ. ಮದುವೆಗೆ ಹೋದರೆ ನೋಡಿ, ಇಷ್ಟುದ್ದದ ಮಕ್ಕಳು ಸಾಲಾಗಿ ಬಂದು ಹಿರಿಯರ ಕಾಲು ಹಿಡಿಯುತ್ತವೆ. ನೋಡುವುದಕ್ಕೆ ಖುಷಿಯಾಗುತ್ತದೆ. ಅದೇ ಮಕ್ಕಳು ಊಟದ ಹಾಲ್‌ನಲ್ಲಿ ಅರ್ಧ ತಿಂದ ಕಡಂಬುಟ್ಟನ್ನು (ಅಕ್ಕಿ ತರಿಯ ಉಂಡೆ) ಒಬ್ಬರ ಮೇಲೊಬ್ಬರು ಎಸೆದುಕೊಂಡು, ಎಂಜಲು ಎತ್ತುವ ಹೆಂಗಸು ಬಂದಾಗ ಕಾಲು ಕೂಡ ಪಕ್ಕಕ್ಕೆ ತೆಗೆಯುವುದಿಲ್ಲ. ಆ ಹೆಂಗಸಿಗೂ ಅವರ ಅಜ್ಜಿಯ ವಯಸ್ಸೇ. ಮೇಲಿನವರಿಗೆ ತಲೆ ಬಾಗುವುದನ್ನು ಚೆನ್ನಾಗಿ ಕಲಿಸಿದ್ದೇವೆ. ಕಂಡಕ್ಟರ್, ಹೋಟೆಲ್ ಸಪ್ಲೈಯರ್, ಪೆಟ್ರೋಲ್ ಬಂಕಿನ ಹುಡುಗ, ಕಣದಲ್ಲಿ ಕಾಫಿ ಒಣಗಿಸುವವರು, ಇವರ ಜೊತೆ ಹೇಗಿರಬೇಕು ಅಂತ ಯಾರು ಕಲಿಸಿದರು?

ಕಣ ಅಂದಾಗ ಒಂದು ಮಾತು. ಜನವರಿಯಲ್ಲಿ ಒಣಗಲು ಹರವಿದ ಕಾಫಿ ಮೇಲೆ ಪ್ರವಾಸಿ ಮಕ್ಕಳು ಓಡಿದರೆ ನಮಗೆ ಎಷ್ಟು ಸಿಟ್ಟು ಬರುತ್ತದೆ! ಬರಲೇಬೇಕು. ಬೆಳಗ್ಗೆಯಿಂದ ಹಲಗೆ ಹಿಡಿದು ಎಳೆದು ಹರವಿದವರಿಗೆ ಅದು ಮತ್ತೆ ಮೊದಲಿನಿಂದ ಕೆಲಸ. ಆದರೆ ಮನೆಯ ಮೊಮ್ಮಗ ರಜೆಗೆ ಬಂದು ಅದೇ ಕಣದಲ್ಲಿ ಸೈಕಲ್ ಬಿಟ್ಟರೆ ನಾವು ನಗುತ್ತೇವೆ. ಹರವಿದವರು ಬೇರೆಯವರಾ?

ಇನ್ನೊಬ್ಬ ತಂದೆಯ ಕಥೆಯನ್ನೂ ಹೇಳದಿದ್ದರೆ ನ್ಯಾಯವಾಗುವುದಿಲ್ಲ. ನಮ್ಮಲ್ಲಿ ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವ ಕೆಲವು ಮಕ್ಕಳೂ ಓದುತ್ತಿದ್ದರು. ಅವರಲ್ಲಿ ಒಬ್ಬ ಹುಡುಗನನ್ನು ಯಾರೋ ಮೆಟ್ಟಿಲ ಮೇಲೆ ದೂಡಿ, ತುಟಿ ಒಡೆದು ರಕ್ತ ಬಂತು. ಅವನ ಅಪ್ಪನಿಗೆ ಫೋನ್ ಮಾಡಿದೆವು. ತೋಟದ ಕೆಲಸ ಬಿಟ್ಟು ಗಂಬೂಟಿನಲ್ಲೇ ಓಡಿ ಬಂದವರು ಬಾಗಿಲ ಹೊರಗೆ ಬೂಟು ಕಳಚಿ, ಕೈ ಮುಗಿದು, "ತಪ್ಪಾಯ್ತು ಮೇಡಂ, ಮನೇಲಿ ಬುದ್ಧಿ ಹೇಳ್ತೀನಿ" ಅಂದರು. ನಿಮ್ಮ ಮಗನ ತಪ್ಪಿಲ್ಲ, ಅವನಿಗೆ ಪೆಟ್ಟಾಗಿದೆ ಅಂತ ತಿಳಿಸಿ ಹೇಳುವುದಕ್ಕೆ ಬಹಳ ಹೊತ್ತು ಬೇಕಾಯಿತು. ಶಾಲೆಯಿಂದ ಫೋನ್ ಬಂತು ಅಂದರೆ ತಮ್ಮ ಮಗುವಿನದೇ ತಪ್ಪು ಅಂತ ಒಬ್ಬರಿಗೆ ಗ್ಯಾರಂಟಿ, ತಮ್ಮ ಮಗುವಿನ ತಪ್ಪು ಇರಲು ಸಾಧ್ಯವೇ ಇಲ್ಲ ಅಂತ ಇನ್ನೊಬ್ಬರಿಗೆ ಗ್ಯಾರಂಟಿ. ದೂಡಿದ ಹುಡುಗನ ಮನೆಯವರು ಬರಲೇ ಇಲ್ಲ. "ಆಸ್ಪತ್ರೆ ಖರ್ಚು ಎಷ್ಟಾಯ್ತು ಹೇಳಿ" ಅಂತ ಮೆಸೇಜ್ ಬಂತು.

ಇದನ್ನು ಓದಿದ ಕೆಲವರು ಈಗಾಗಲೇ ತಯಾರಾಗಿರುತ್ತಾರೆ. "ಅದಕ್ಕೇ ನಮ್ಮ ಕಾಲದ ಮೇಷ್ಟ್ರ ಬೆತ್ತ ಬೇಕು" ಅಂತ. ನಾನು ಒಪ್ಪುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಒಳ್ಳೆಯದೇ ಆಯಿತು. ಬೆತ್ತದ ಕಾಲದಲ್ಲಿ ನಾವು ಕಲಿತಿದ್ದು ಏನು? ಸಿಕ್ಕಿಬೀಳಬಾರದು ಅನ್ನುವುದು. ಬೆತ್ತದ ಏಟು ತಿಂದವರು ಯಾರೂ ತಾವು ಒಡೆದ ಗಾಜಿನ ಚೂರು ಗುಡಿಸುತ್ತಿರಲಿಲ್ಲ, ಅದನ್ನು ಆಗಲೂ ಜವಾನನೇ ಗುಡಿಸುತ್ತಿದ್ದ.

ಇನ್ನು ಕೆಲಸ ಮಾಡಿಸುವ ವಿಷಯ. ಇಲ್ಲಿ ಹುಷಾರಾಗಿರಬೇಕು. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ ಸುದ್ದಿ ನಾವೆಲ್ಲ ಓದಿದ್ದೇವೆ. ಅದು ಅಪರಾಧ. ಬಡವರ ಮಕ್ಕಳ ಕೈಯಲ್ಲಿ ಇನ್ನೊಬ್ಬರ ಹೊಲಸು ತೆಗೆಸುವುದು ಬೇರೆ, ತಾನು ಚೆಲ್ಲಿದ ನೀರನ್ನು ತಾನು ಒರೆಸುವುದು ಬೇರೆ. ಈ ವ್ಯತ್ಯಾಸ ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಮಾತಾಡುವ ಪೋಷಕರನ್ನು ನಾನು ನೋಡಿದ್ದೇನೆ. ಮಗ ತಾನೇ ಹರಿದು ಬಿಸಾಕಿದ ಪೇಪರ್ ಎತ್ತು ಅಂದಿದ್ದಕ್ಕೆ, "1098ಕ್ಕೆ ಫೋನ್ ಮಾಡ್ತೀನಿ" ಅಂದವರಿದ್ದಾರೆ. ಅದು ಕಷ್ಟದಲ್ಲಿರುವ ಮಕ್ಕಳಿಗಾಗಿ ಇಟ್ಟಿರುವ ಸಹಾಯವಾಣಿ. ಟೀಚರನ್ನು ಹೆದರಿಸುವುದಕ್ಕೆ ಇಟ್ಟಿರುವುದಲ್ಲ. ಈಗ ಎಷ್ಟೋ ಟೀಚರುಗಳು ಏನನ್ನೂ ಹೇಳದೆ ಸುಮ್ನೆ ಪಾಠ ಮಾಡಿ ಎದ್ದು ಹೋಗುತ್ತಾರೆ. ರಾತ್ರಿ ಹತ್ತು ಗಂಟೆಗೆ ವಾಟ್ಸಾಪ್ ಗ್ರೂಪಿನಲ್ಲಿ ಯಾರ ಬಾಯಿಗೆ ಬೀಳಬೇಕು ಹೇಳಿ.

ಬಸ್ಸಿನ ವಿಷಯಕ್ಕೆ ಬರೋಣ. ರೈಲು ಇಲ್ಲದ ಜಿಲ್ಲೆ ನಮ್ಮದು, ಕಾರಿಲ್ಲದವರಿಗೆ ಬಸ್ಸೇ ಗತಿ. ಬಸ್ಸಿನಲ್ಲಿ ಮೊಬೈಲ್ ಸ್ಪೀಕರ್ ಹಾಕಿ ಹಾಡು, ವಿಡಿಯೊ ಜೋರಾಗಿ ಕೇಳಿಸುವಂತಿಲ್ಲ ಅಂತ 2021ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆದೇಶವೇ ಆಗಿದೆ. ಮಡಿಕೇರಿಯಿಂದ ಮೈಸೂರಿಗೆ ಹೋಗುವವರೆಗೆ ಒಂದೇ ಕಾರ್ಟೂನಿನ ಕೀರಲು ದನಿ ಕೇಳಿದವರಿಗೆ ಆ ಆದೇಶದ ಬೆಲೆ ಗೊತ್ತು. ಸ್ವಲ್ಪ ಸೌಂಡ್ ಕಮ್ಮಿ ಮಾಡಮ್ಮ ಅಂತ ಮಗುವಿಗೆ ಹೇಳಿದರೆ, ಮಗು ಕಮ್ಮಿ ಮಾಡುತ್ತದೆ. ನಿಜವಾಗಿ ಮಾಡುತ್ತದೆ. ಪಕ್ಕದಲ್ಲಿ ಕೂತ ಅಮ್ಮ ಫೋನ್ ಕಿತ್ತುಕೊಂಡು ಮತ್ತೆ ಜೋರು ಮಾಡಿ, "ಸೌಂಡ್ ಇಲ್ಲದಿದ್ರೆ ಅವನು ಊಟ ಮಾಡಲ್ಲ" ಅನ್ನುತ್ತಾಳೆ. ಟಿಕೆಟಿನ ಕಥೆ ಇನ್ನೂ ಚೆನ್ನ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಗಂಡು ಮಗುವಿಗೆ ಆರು ತುಂಬಿದರೆ ಅರ್ಧ ಟಿಕೆಟ್. ಆ ಅರ್ಧ ಟಿಕೆಟ್ ಉಳಿಸಲು ಎಂಟು ವರ್ಷದ ಮಗನಿಗೆ "ಐದು ಅನ್ನು" ಅಂತ ಕಿವಿಯಲ್ಲಿ ಹೇಳಿಕೊಡುತ್ತಾರೆ, ಹುಡುಗ ನಾಚಿಕೊಂಡು ಕಂಡಕ್ಟರಿಗೆ ಐದು ಅನ್ನುತ್ತಾನೆ, ಆಮೇಲೆ ಆ ಟಿಕೆಟ್ ಇಲ್ಲದ ಹುಡುಗನನ್ನೇ ಕಿಟಕಿ ಪಕ್ಕ ಕೂರಿಸಿ ಕೋಲು ಹಿಡಿದ ಅಜ್ಜನನ್ನು ನಿಲ್ಲಿಸುತ್ತಾರೆ.

ಒಂದನ್ನು ಬಿಡಿಸಿ ಹೇಳಬೇಕು. ಅಳುವ ಕೂಸಿನ ಬಗ್ಗೆ ನಾನು ಮಾತಾಡುತ್ತಿಲ್ಲ. ಸುಂಟಿಕೊಪ್ಪದ ತಿರುವುಗಳಲ್ಲಿ ದೊಡ್ಡವರಿಗೇ ತಲೆ ತಿರುಗುತ್ತದೆ, ಎಳೆ ಮಗು ಅಳದೆ ಏನು ಮಾಡೀತು? ಕೆಲವು ಮಕ್ಕಳಿಗೆ ಗದ್ದಲ, ಬೆಳಕು, ಅಪರಿಚಿತರು ಅಂದರೆ ತಡೆಯಲು ಆಗುವುದಿಲ್ಲ, ಕೂಗಿಬಿಡುತ್ತವೆ. ಅಂಥ ಮಗುವಿನ ತಾಯಿ ಬಸ್ಸು ಹತ್ತುವ ಮೊದಲೇ ಅರ್ಧ ಜೀವವಾಗಿರುತ್ತಾಳೆ. ಅವಳನ್ನು ಗುರಾಯಿಸುವ ಹಿರಿಯರಿಗೂ ಸ್ವಲ್ಪ ನಡತೆ ಕಲಿಯುವ ಅಗತ್ಯವಿದೆ. ಕಷ್ಟಪಡುತ್ತಿರುವ ಅಮ್ಮನಿಗೂ ಕೇರ್ ಮಾಡದ ಅಮ್ಮನಿಗೂ ಇರುವ ವ್ಯತ್ಯಾಸ ಒಂದು ನೋಟಕ್ಕೆ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಸುಮ್ಮನಿರುವುದು ವಾಸಿ.

ಸ್ಕೂಟರಿನದು ಮಾತ್ರ ಬರೀ ನಡತೆಯ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಒಂಬತ್ತನೇ ಕ್ಲಾಸಿನ ಹುಡುಗ ಹಿಂದೆ ಇಬ್ಬರನ್ನು ಕೂರಿಸಿಕೊಂಡು ಟ್ಯೂಷನ್ನಿಗೆ ಹೋಗುತ್ತಾನೆ. ಮಂಜು ಕವಿದ ರಸ್ತೆ, ಎದುರಿಗೆ ಏನೂ ಕಾಣುವುದಿಲ್ಲ, ತಿರುವಿನಲ್ಲಿ ಹಾರ್ನ್ ಕೂಡ ಹಾಕುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 199ಎ ಸೆಕ್ಷನ್ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಇಷ್ಟು ಕಟ್ಟುನಿಟ್ಟಾದ ಕಾನೂನು ಇದ್ದೂ ಪೊಲೀಸರು ಹಿಡಿದ ತಕ್ಷಣ ಹುಡುಗ ಮಾಡುವ ಮೊದಲ ಕೆಲಸ ಅಪ್ಪನಿಗೆ ಫೋನ್. ಅಪ್ಪನ ಮೊದಲ ಕೆಲಸ ಇನ್ನೊಬ್ಬರಿಗೆ ಫೋನ್. ಕಾನೂನು ಆ ಎರಡು ಫೋನಿನ ನಡುವೆ ಎಲ್ಲೋ ಕಳೆದುಹೋಗುತ್ತದೆ. ನಲ್ಲಿ ಮುರಿದಾಗ ಗೂಗಲ್ ಪೇ ಮಾಡಿದ ತಂದೆಗೂ ಈ ತಂದೆಗೂ ನನಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಮಗ ಬೆಳೆದಂತೆ ರಸೀದಿ ದೊಡ್ಡದಾಗುತ್ತದೆ, ಅಷ್ಟೇ. ಒಂದು ದಿನ ಕಟ್ಟಲಾಗದಷ್ಟು ದೊಡ್ಡದೂ ಆಗಬಹುದು, ಎದುರಿನಿಂದ ನಡೆದು ಬರುವವರು ಇರುತ್ತಾರಲ್ಲ.

ಮಕ್ಕಳೇ ಕೆಟ್ಟುಹೋಗಿದ್ದಾರೆ ಅಂತ ನಾನು ನಂಬುವುದಿಲ್ಲ. ಅದಕ್ಕೆ ಕಾರಣ 2018ರ ಆಗಸ್ಟ್. ಗುಡ್ಡ ಕುಸಿದು ಊರೂರೇ ಖಾಲಿಯಾಗಿ, ಜನ ಮಡಿಕೇರಿಯ ಪರಿಹಾರ ಕೇಂದ್ರಗಳಲ್ಲಿ ಬಂದು ಮಲಗಿದ ಆ ದಿನಗಳಲ್ಲಿ ನಮ್ಮ ಶಾಲೆಯ ಮಕ್ಕಳು ಕಂಬಳಿ ಎಣಿಸಿದರು, ಊಟ ಬಡಿಸಿದರು, ಮೈ ಸರಿಯಿಲ್ಲದ ಅಜ್ಜಿಯರನ್ನು ಕೈ ಹಿಡಿದು ಬಾತ್‌ರೂಮಿಗೆ ಕರೆದುಕೊಂಡು ಹೋದರು. ಕ್ಲಾಸಿನಲ್ಲಿ ಅತಿ ತರಲೆ ಅಂತ ಹೆಸರಾಗಿದ್ದ ಒಬ್ಬ ಹುಡುಗ ಎಂಜಲು ತಟ್ಟೆಗಳ ಉಸ್ತುವಾರಿ ತಾನೇ ವಹಿಸಿಕೊಂಡು, ತಟ್ಟೆಯಲ್ಲಿ ಅನ್ನ ಬಿಟ್ಟವರಿಗೆ ದೊಡ್ಡವರು ಅಂತಲೂ ನೋಡದೆ ಗದರುತ್ತಿದ್ದ. ಆಗ ಯಾವ ಅಪ್ಪ ಅಮ್ಮನೂ ಬಂದು ನಮ್ಮ ಮಗನ ಕೈಯಲ್ಲಿ ಎಂಜಲು ಯಾಕೆ ಎತ್ತಿಸಿದಿರಿ ಅಂತ ಕೇಳಲಿಲ್ಲ. ಕೇಳುವ ಪರಿಸ್ಥಿತಿ ಇರಲಿಲ್ಲ. ಅಪ್ಪ ಅಮ್ಮ ಪಕ್ಕಕ್ಕೆ ಸರಿದಾಗ ಮಕ್ಕಳು ಹೇಗಿರುತ್ತಾರೆ ಅಂತ ನಾನು ಕಣ್ಣಾರೆ ನೋಡಿದ್ದು ಆಗಲೇ.

ಹೋಂಸ್ಟೇ ನಡೆಸುವವರಿಗೆ ನನ್ನದೊಂದು ಮಾತು. ಗೋಡೆ ಮೇಲೆ ಬೋರ್ಡ್ ಹಾಕಿದ್ದೀರಿ, ಲೋಟ ಒಡೆದರೆ ಇಷ್ಟು, ಬೆಡ್‌ಶೀಟ್ ಕಲೆಯಾದರೆ ಇಷ್ಟು. ಬಿಲ್ಲಿಗೆ ಸೇರಿಸಿದರೆ ಅವರಿಗೂ ಹಗುರ, ನಿಮಗೂ ಹಗುರ. ಅದರ ಬದಲು ಮಗುವನ್ನು ಅಡುಗೆಮನೆಗೆ ಕರೆದು, ಲೋಟ ತೊಳೆಯುವವರ ಹೆಸರು ಹೇಳಿ, ಸಾರಿ ಹೇಳಪ್ಪಾ ಅನ್ನಿ. ಅಪ್ಪ ಮುಖ ಗಂಟಿಕ್ಕಿದರೆ ಇಕ್ಕಲಿ. ರಿವ್ಯೂನಲ್ಲಿ ಒಂದು ಸ್ಟಾರ್ ಹೋದರೂ ಹೋಗಲಿ. ನಿಮ್ಮ ಮಕ್ಕಳಿಂದಲೂ ಹಾಗೇ ಮಾಡಿಸುತ್ತೀರಿ ಅಂದುಕೊಂಡೇ ಹೇಳುತ್ತಿದ್ದೇನೆ.

ಇನ್ನೇನು ದಸರಾ ಬಂತು. ನಾಲ್ಕು ಶಕ್ತಿ ದೇವತೆಗಳ ಕರಗದಿಂದ ಶುರುವಾಗಿ ವಿಜಯದಶಮಿಯ ರಾತ್ರಿ ಪುರಾಣದ ಕಥೆ ತೋರಿಸುವ ಹತ್ತು ಮಂಟಪಗಳು ಮೆರವಣಿಗೆ ಹೊರಡುವವರೆಗೆ ಮಡಿಕೇರಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಪ್ಪಂದಿರ ಹೆಗಲ ಮೇಲೆ ಕೂತ ಮಕ್ಕಳು ಪಕ್ಕದವರ ಕಿವಿಗೇ ಪೀಪಿ ಊದುತ್ತಾರೆ. ಊದಲಿ, ಹಬ್ಬ. ಮಂಟಪದ ಕಥೆ ನೋಡುತ್ತಾ ತಿಂದ ಚುರುಮುರಿಯ ಪೇಪರ್, ಐಸ್‌ಕ್ರೀಮ್ ಕಪ್, ನೀರಿನ ಬಾಟಲಿ ಎಲ್ಲ ರಸ್ತೆಯಲ್ಲಿ. ಬೆಳಗಾಗುವಷ್ಟರಲ್ಲಿ ಪೌರಕಾರ್ಮಿಕರು ಪೊರಕೆ ಹಿಡಿದು ಇಳಿದಿರುತ್ತಾರೆ.

ಈ ಸಲ ಆ ಬೆಳಗ್ಗೆ ಒಂದಷ್ಟು ಮಕ್ಕಳನ್ನು ಅಪ್ಪ ಅಮ್ಮಂದಿರೇ ಕರೆದುಕೊಂಡು ಬಂದು, ತಾವು ರಾತ್ರಿ ನಿಂತಿದ್ದ ರಸ್ತೆಯಲ್ಲೇ ಪೌರಕಾರ್ಮಿಕರ ಜೊತೆ ಕಸ ಹೆಕ್ಕಿದರೆ ಹೇಗೆ? ಮಕ್ಕಳನ್ನು ಮಾತ್ರ ಬಿಟ್ಟು ಹೋಗುವುದಲ್ಲ, ಅಪ್ಪನೂ ಬಗ್ಗಬೇಕು. ಫೋಟೊ ಬೇಡ, ಬ್ಯಾನರ್ ಬೇಡ. ರಾತ್ರಿಯಿಡೀ ಮಂಟಪ ನೋಡಿ ಮಲಗಿರುತ್ತಾರೆ, ಬೆಳಗ್ಗೆ ಯಾರು ಬರುತ್ತಾರೆ ಅಂತೀರಾ? ಹತ್ತು ಗಂಟೆಗೆ ಇಟ್ಟುಕೊಳ್ಳೋಣ. ಅಷ್ಟು ಹೊತ್ತಿಗೆ ಅವರು ಅರ್ಧ ಮುಗಿಸಿರುತ್ತಾರೆ, ಉಳಿದರ್ಧ ನಮಗೆ ಸಾಕು. ಯಾವುದಾದರೂ ಯುವಕ ಸಂಘದವರೋ ಮಂಟಪ ಸಮಿತಿಯವರೋ ಮುಂದೆ ಬಂದು ನಗರಸಭೆಯಲ್ಲಿ ಮಾತಾಡಿದರೆ ಕೈಗವಸು, ಚೀಲ, ಯಾರಿಗೆ ಯಾವ ಬೀದಿ ಅನ್ನುವ ಪಟ್ಟಿ ಎಲ್ಲಾ ನಾನು ನೋಡಿಕೊಳ್ಳುತ್ತೇನೆ. ಪಟ್ಟಿ ಮಾಡುವುದು ನನಗೆ ಅಭ್ಯಾಸದ ಕೆಲಸ.

ಇತಿ,
ಒಬ್ಬ ನಿವೃತ್ತ ಶಾಲಾ ಗುಮಾಸ್ತೆ,
ಮಡಿಕೇರಿ ತಾಲ್ಲೂಕು